ಪಿರ್ರೋ ಎಂಬ ನಾಮಧೇಯವೂ ಅದರ ರೂಢಿಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಬಳ್ಳಾರಿಯ ಗಾಂಧಿನಗರದಲ್ಲಿ ನಡೆದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)

 

ಶಿವಶರಣರ ಚರಿತ್ರೆ, ವಚನವಾಙ್ಮಯ, ಷಟ್‌ಸ್ಥಲವಿಚಾರ ಮೊದಲಾದ ಗಹನ ವಿಷಯಗಳನ್ನು ಕುರಿತು ವಿದ್ವಾಂಸರು ಮಾತನಾಡುತ್ತಿರುವ ಈ ಉಪನ್ಯಾಸಮಾಲೆಯಲ್ಲಿ, ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಬಾಳಿದ ಯವನ ತತ್ತ್ವಜ್ಞನೊಬ್ಬನ ಹೆಸರನ್ನು ಹಿಡಿದುಕೊಂಡು ನಾನು ತಮ್ಮ ಮುಂದೆ ನಿಂತಿರುವೆನು. ಮಠದ ಮಹೋತ್ಸವಕ್ಕೂ ಗ್ರೀಕದೇಶದ ಸಂಶಯವಾದಿಗೂ ಏನು ಸಂಬಂಧವೆಂದು ತಮ್ಮಲ್ಲಿ ಕೆಲವರು ಕೇಳಬಹುದು; ಕೇಳತಕ್ಕ ಪ್ರಶ್ನೆಯೇ ಅದು. ಉತ್ತರವನ್ನು ಮೊದಲೇ ಸಂಕ್ಷೇಪವಾಗಿ ಹೇಳಿಬಿಡುವೆನು. ವಿಚಾರಮಾಡುವವನಿಗೆ ಲೋಕವು ಒಂದು ಹೆಸರನ್ನಿಡುವುದು. ಕಾಲಾಂತರದಲ್ಲಿ ಅದೇ ಹೆಸರು ಬೈಗುಳಾಗುವುದು. ಬೈಗುಳಿನ ಭಯದಿಂದ ಮುಂದಿನವರು ವಿಚಾರವನ್ನೇ ಬಿಟ್ಟುಬಿಡುವರು. ಈ ಅನರ್ಥವು ಗ್ರೀಕರಲ್ಲಿಯೂ ಯೂರೋಪಿನಲ್ಲಿಯೂ ನಡೆದಿದೆ, ನಮ್ಮಲ್ಲಿಯೂ ನಡೆದಿದೆ. ಅದಕ್ಕೆ ಸಾಕ್ಷಿಯಾದ ಒಂದು ಪದವು ನಮ್ಮ ಜಿಲ್ಲೆಯ ಬಂಡೆಗಳ ಮೇಲೆಯೇ ಕೆತ್ತಲ್ಪಟ್ಟಿದೆ. ಆದಕಾರಣ ಈ ವಿಷಯವು ದೂರದ್ದಾಗಿ ತೋರಿದರೂ ದೂರದ್ದಲ್ಲ.

ಮೊದಲು ಹೆಸರಿನ ವಿಚಾರ. ಗ್ರೀಕರ ನುಡಿಯಲ್ಲಿ ಆತನ ಹೆಸರು ಪುರ್ರೋನ್ ಎಂದು. ಲ್ಯಾಟಿನ್ ಭಾಷೆಯವರು ಕೊನೆಯ ನಕಾರವನ್ನು ಬಿಟ್ಟು ಪಿರ್ರೋ ಎಂದರು. ಆಂಗ್ಲರು ಅದನ್ನೇ ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ಪರದೇಶದ ಹೆಸರುಗಳು ಹೀಗೆ ರೂಪಾಂತರ ಹೊಂದುವುದು ಸಹಜ. ನಮ್ಮ ಊರಿನ ಹೆಸರನ್ನೇ ಆಂಗ್ಲರು ಬೆಲ್ಲಾರಿ ಎಂದು ಬರೆಯುತ್ತಿದ್ದರು. ಆಂಗ್ಲ ಬರೆಹದಲ್ಲಿಯೂ ಬಳ್ಳಾರಿ ಎಂದೇ ಇರಬೇಕೆಂಬ ಸರಕಾರದ ಆಜ್ಞೆಯು ಜಾರಿಗೆ ಬಂದದ್ದು 2014ರ ನವೆಂಬರ್ 1ರಂದು. ಪಿರ್ರೋವಿಗೆ ಹಾಗೆ ಆಜ್ಞೆ ಹೊರಡಿಸುವವರು ಯಾರೂ ಇಲ್ಲದ್ದರಿಂದ ನಾನೂ ಲ್ಯಾಟಿನ್ ರೂಢಿಯನ್ನೇ ಅನುಸರಿಸುವೆನು.

ಈ ಹೆಸರಿನ ಅರ್ಥವೇನು? ಗ್ರೀಕ ಭಾಷೆಯಲ್ಲಿ 'ಪುರ್' ಎಂದರೆ ಬೆಂಕಿ. 'ಪುರ್ರೋಸ್' ಎಂದರೆ ಬೆಂಕಿಯ ಬಣ್ಣದವನು, ಕೆಂಗೂದಲಿನವನು. ನಮ್ಮ ಸೀಮೆಯಲ್ಲಿ ಕೆಂಚಪ್ಪ, ಕೆಂಚಮ್ಮ, ಕೆಂಪಯ್ಯ ಎಂಬ ಹೆಸರುಗಳು ಮನೆಮನೆಯಲ್ಲಿ ಉಂಟಷ್ಟೆ. ಪಿರ್ರೋ ಎಂಬುದನ್ನು ಕನ್ನಡಿಸಿದರೆ ಕೆಂಚಪ್ಪನೆಂದೇ ಆಗುವುದು. ತಂದೆತಾಯಿಗಳು ಕೂಸಿನ ಮೈಬಣ್ಣವನ್ನೋ ಕೂದಲನ್ನೋ ನೋಡಿ ಇಟ್ಟಂಥ ಸಾಧಾರಣವಾದ ಹೆಸರು. ಅದರಲ್ಲಿ ಸಂಶಯದ ಸುಳಿವೂ ಇಲ್ಲ, ಸಿದ್ಧಾಂತದ ಸುಳಿವೂ ಇಲ್ಲ. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳತಕ್ಕದ್ದು. ಇದೇ ಧಾತುವಿನಿಂದ ಬಂದ ಪಿರ್ರಸ್ ಎಂಬ ಹೆಸರಿನ ಅರಸನೊಬ್ಬನು ಎಪೈರಸ್ ದೇಶದಲ್ಲಿ ಇದ್ದನು. ಆತನು ಕ್ರಿ.ಪೂ. 279ರಲ್ಲಿ ರೋಮನರನ್ನು ಆಸ್ಕುಲಮ್ ಎಂಬಲ್ಲಿ ಗೆದ್ದರೂ ಆ ಗೆಲುವಿನಲ್ಲಿ ಭಾರಿ ಹಾನಿಯನ್ನು ಅನುಭವಿಸಿದನು. ಸೋಲಿಗೆ ಸಮವಾದ ಗೆಲುವನ್ನು ಯೂರೋಪಿನವರು 'ಪಿರ್ರಸನ ಗೆಲುವು' ಎಂದು ಕರೆಯುವುದು ಈ ಅರಸನಿಂದಲೇ ಹೊರತು ನಮ್ಮ ತತ್ತ್ವಜ್ಞನಿಂದಲ್ಲ. ಒಬ್ಬನು ಯುದ್ಧದಲ್ಲಿ ಹೆಸರಾದನು. ಮತ್ತೊಬ್ಬನು ವಾದದ ಯುದ್ಧವನ್ನೇ ನಿಲ್ಲಿಸಿ ಹೆಸರಾದನು.

ಇನ್ನು ಆತನ ಜೀವಿತ. ಪಿರ್ರೋ ಸುಮಾರು ಕ್ರಿ.ಪೂ. 360ರಲ್ಲಿ ಗ್ರೀಕದೇಶದ ಪಶ್ಚಿಮ ಭಾಗದಲ್ಲಿರುವ ಎಲಿಸ್ ಎಂಬ ಪಟ್ಟಣದಲ್ಲಿ ಹುಟ್ಟಿದನು, ಸುಮಾರು ಕ್ರಿ.ಪೂ. 270ರವರೆಗೆ, ಎಂದರೆ ತೊಂಬತ್ತು ವರ್ಷಗಳ ಹತ್ತಿರ, ಬಾಳಿದನು. ಮೊದಲು ಚಿತ್ರಕಾರನಾಗಿದ್ದನು, ಆಮೇಲೆ ಅನಾಕ್ಸಾರ್ಕಸನೆಂಬ ತತ್ತ್ವಜ್ಞನ ಸಹವಾಸಕ್ಕೆ ಬಂದು ಆತನೊಡನೆ ಅಲೆಕ್ಸಾಂಡರನ ದಂಡಯಾತ್ರೆಯನ್ನು ಅನುಸರಿಸಿ ನಮ್ಮ ಭರತಖಂಡದವರೆಗೂ ಬಂದನು. ಪಿರ್ರೋ ತಾನಾಗಿ ಯಾವ ತತ್ತ್ವಗ್ರಂಥವನ್ನೂ ಬರೆಯಲಿಲ್ಲ. ಆತನ ವಿಷಯವಾಗಿ ನಮಗೆ ತಿಳಿದಿರುವುದು ಶಿಷ್ಯನಾದ ತಿಮೋನನ ಪದ್ಯಗಳ ಚೂರುಗಳಿಂದಲೂ, ಐನೂರು ವರ್ಷಗಳ ತರುವಾಯ ಡಯೋಜಿನಿಸ್ ಲಾಯೆರ್ಷಿಯಸ್ ಎಂಬವನು ಸಂಗ್ರಹಿಸಿದ ತತ್ತ್ವಜ್ಞರ ಚರಿತ್ರೆಯಿಂದಲೂ.

ಈ ಚರಿತ್ರಕಾರನು ಹೇಳುವಂತೆ, ಪಿರ್ರೋ ಇಲ್ಲಿಯ ನಗ್ನ ತಪಸ್ವಿಗಳನ್ನು ಕಂಡನು. ಅವರಲ್ಲಿ ಒಬ್ಬನು ಅನಾಕ್ಸಾರ್ಕಸನನ್ನು ಕುರಿತು, ಅರಸರ ಓಲಗದಲ್ಲಿ ಸೇವೆಗೆ ನಿಂತಿರುವವನು ಇತರರಿಗೆ ಒಳ್ಳೆಯದನ್ನು ಕಲಿಸಲಾರನೆಂದು ನಿಂದಿಸಿದನಂತೆ. ಆ ಮಾತು ಪಿರ್ರೋವಿನ ಎದೆಗೆ ನಾಟಿ, ಆತನು ಏಕಾಂತವನ್ನು ಆಶ್ರಯಿಸಿದನಂತೆ. ಅರಮನೆಯ ಬಾಗಿಲನ್ನು ಕಾಯದೆ ದುಡಿದು ಉಣ್ಣುವುದನ್ನೇ ಹಿರಿದೆಂದ ಶರಣರ ನಾಡಿನಲ್ಲಿ ಈ ಪ್ರಸಂಗವನ್ನು ವಿಸ್ತರಿಸಿ ಹೇಳಬೇಕಾದ ಅವಶ್ಯವಿಲ್ಲ. ಎಲಿಸಿಗೆ ಹಿಂದಿರುಗಿದ ಪಿರ್ರೋ ಸೂಲಗಿತ್ತಿಯಾಗಿದ್ದ ತನ್ನ ಸೋದರಿ ಫಿಲಿಸ್ತೆಯೊಡನೆ ಒಂದೇ ಮನೆಯಲ್ಲಿ ಬಾಳಿದನು. ಕೋಳಿಗಳನ್ನೂ ಹಂದಿಮರಿಗಳನ್ನೂ ಸಂತೆಗೆ ತಾನೇ ಒಯ್ದು ಮಾರುತ್ತಿದ್ದನು. ಮನೆಯ ಕಸವನ್ನು ಗುಡಿಸುತ್ತಿದ್ದನು. ಹಂದಿಯ ಮೈಯನ್ನು ಸಹ ತೊಳೆಯುತ್ತಿದ್ದನು. ಯಾವ ಕೆಲಸದಲ್ಲಿಯೂ ಆತನಿಗೆ ಮೇಲುಕೀಳೆಂಬ ಭಾವನೆ ಇರಲಿಲ್ಲ.

ಹೀಗಿದ್ದ ಮನುಷ್ಯನನ್ನು ಆತನ ಊರವರು ಹೇಗೆ ಕಂಡರೆಂಬುದು ನಮ್ಮ ವಿಷಯಕ್ಕೆ ಮುಖ್ಯವಾದುದು. ಯಾವುದನ್ನೂ ಇದಮಿತ್ಥಮೆಂದು ನಿರ್ಣಯಿಸದ ಈ ಸಂಶಯವಾದಿಯನ್ನು ಎಲಿಸಿನವರು ಧರ್ಮದ್ರೋಹಿಯೆಂದು ಹೊರಗೆ ಹಾಕಲಿಲ್ಲ. ತಮ್ಮ ಪಟ್ಟಣದ ಪ್ರಧಾನ ಅರ್ಚಕನನ್ನಾಗಿ ಮಾಡಿಕೊಂಡರು. ಆತನ ಗೌರವಾರ್ಥವಾಗಿ ತತ್ತ್ವಜ್ಞರೆಲ್ಲರಿಗೂ ತೆರಿಗೆಯನ್ನು ಮನ್ನಾಮಾಡಿದರು. ಮಠಮಾನ್ಯಗಳಿಗೆ ಉಂಬಳಿ ಬಿಡುವ ಸಂಪ್ರದಾಯವನ್ನು ಬಲ್ಲ ನಮಗೆ ಈ ಮರ್ಯಾದೆಯ ಅರ್ಥವು ಸುಲಭವಾಗಿ ಗೊತ್ತಾಗುವುದು. ಎಷ್ಟೋ ಕಾಲದ ಮೇಲೆ, ಕ್ರಿಸ್ತಶಕದ ಎರಡನೆಯ ಶತಮಾನದಲ್ಲಿ, ಪೌಸಾನಿಯಸನೆಂಬ ಯಾತ್ರಿಕನು ಎಲಿಸಿಗೆ ಬಂದಾಗ ಪಿರ್ರೋವಿನ ವಿಗ್ರಹವು ಇನ್ನೂ ಅಲ್ಲಿ ನಿಂತಿದ್ದಿತು.

ಆತನ ಸಂಶಯವು ಎಂಥದು? ಇದನ್ನು ವಿಶದವಾಗಿ ಬರೆದಿಟ್ಟವನು ಕ್ರಿಸ್ತಶಕ ಎರಡನೆಯ ಶತಮಾನದ ಸುಮಾರಿನಲ್ಲಿದ್ದ ಸೆಕ್ಸ್ಟಸ್ ಎಂಪಿರಿಕಸ್ ಎಂಬ ವೈದ್ಯನು. ಎಂಪಿರಿಕಸ್ ಎಂಬುದು ವೈದ್ಯರ ಒಂದು ಪಂಥದಿಂದ ಬಂದ ಉಪನಾಮ. ಗ್ರೀಕರ 'ಎಂಪೀರಿಯ' ಎಂಬ ಪದಕ್ಕೆ ಅನುಭವವೆಂದು ಅರ್ಥ. ಶರಣರ ಅನುಭಾವವು ಬೇರೆ, ವೈದ್ಯರ ಅನುಭವವು ಬೇರೆ. ಆದರೂ ಪುಸ್ತಕದ ಮಾತಿಗಿಂತ ಕಂಡುಂಡ ಮಾತನ್ನು ನಂಬುವವರು ಎಲ್ಲ ದೇಶಗಳಲ್ಲಿಯೂ ಇದ್ದರೆಂಬುದನ್ನು ಈ ಹೆಸರು ತೋರಿಸುವುದು.

ಸೆಕ್ಸ್ಟಸನು ತನ್ನ ಗ್ರಂಥದ ಆರಂಭದಲ್ಲಿಯೇ ಸತ್ಯವನ್ನು ಅರಸುವವರನ್ನು ಮೂರು ಬಗೆಯಾಗಿ ವಿಂಗಡಿಸುವನು. ಸತ್ಯವು ತಮಗೆ ಸಿಕ್ಕಿತೆನ್ನುವವರು ಮೊದಲನೆಯವರು. ಸತ್ಯವು ಸಿಕ್ಕುವುದೇ ಅಸಾಧ್ಯವೆನ್ನುವವರು ಎರಡನೆಯವರು. ಇನ್ನೂ ಅರಸುತ್ತಲೇ ಇರುವವರು ಮೂರನೆಯವರು. ಈ ಮೂರನೆಯವರೇ ಪಿರ್ರೋವಿನ ಹೆಸರಿನವರು. ಮಹಾಶಯರೇ, ಈ ವಿಂಗಡಣೆಯನ್ನು ತಾವು ಲಕ್ಷ್ಯವಿಟ್ಟು ನೋಡಬೇಕು. ದೇವರು ಇಲ್ಲವೆಂದು ಸಾಧಿಸುವವನು ಪಿರ್ರೋವಿನ ಮಾರ್ಗದವನಲ್ಲ. ಇದೆಯೆಂಬುದು ಹೇಗೆ ಒಂದು ನಿರ್ಣಯವೋ ಇಲ್ಲವೆಂಬುದೂ ಹಾಗೆಯೇ ಒಂದು ನಿರ್ಣಯ. ಏನೂ ತಿಳಿಯಲಾಗದೆಂಬುದೂ ನಿರ್ಣಯವೇ. ಸಂಶಯವಾದಿಯು ಈ ಮೂರರಲ್ಲಿ ಯಾವುದಕ್ಕೂ ಕೈಯೊಡ್ಡದೆ ಎರಡು ಪಕ್ಷಗಳ ಯುಕ್ತಿಗಳನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟು ನೋಡುವನು. ಅವು ಸರಿತೂಗಿದಾಗ ನಿರ್ಣಯವನ್ನು ತಡೆಹಿಡಿಯುವನು. ಹಾಗೆ ತಡೆಹಿಡಿದಾಗ ಮನಸ್ಸಿಗೆ ತಾನಾಗಿಯೇ ಒಂದು ಅಕ್ಷೋಭ್ಯವಾದ ಶಾಂತಿಯು ಒದಗುವುದೆಂದು ಅವರ ಅನುಭವ.

ಹಾಗಾದರೆ ಅಂಥವನು ಬದುಕುವುದೆಂತು? ಬೆಂಕಿಯು ಸುಡುವುದೋ ಇಲ್ಲವೋ ಎಂದು ಸಂಶಯಿಸುತ್ತ ಕೈಯನ್ನು ಒಲೆಯಲ್ಲಿ ಇಡುವನೆ? ಸೆಕ್ಸ್ಟಸನು ಇದಕ್ಕೂ ಉತ್ತರ ಹೇಳಿರುವನು. ಜೇನು ಸಿಹಿಯಾಗಿ ತೋರುವುದೆಂಬುದನ್ನು ಅವರು ಅಲ್ಲಗಳೆಯರು. ಜೇನಿನ ನಿಜಸ್ವರೂಪವೇ ಸಿಹಿಯೆಂದು ವಾದಿಸುವವರೊಡನೆ ಮಾತ್ರ ಅವರಿಗೆ ವಿಚಾರ. ನಿತ್ಯಜೀವನದಲ್ಲಿ ಅವರಿಗೆ ನಾಲ್ಕು ಆಧಾರಗಳು: ಪ್ರಕೃತಿಯು ಕೊಟ್ಟ ಇಂದ್ರಿಯ ಮತ್ತು ಬುದ್ಧಿ; ಹಸಿವು ನೀರಡಿಕೆಗಳ ಪ್ರೇರಣೆ; ನಾಡಿನ ಕಟ್ಟಳೆ ಮತ್ತು ಆಚಾರ; ಕಲಿತ ಕಸುಬು. ಹಸಿದಾಗ ಉಣ್ಣುವರು, ಊರಿನ ಮರ್ಯಾದೆಯನ್ನು ಮೀರರು, ವೈದ್ಯನು ಮದ್ದು ಕೊಡುವನು, ಕುಂಬಾರನು ಗಡಿಗೆ ಮಾಡುವನು. ಪಿರ್ರೋ ಅರ್ಚಕನಾದದ್ದೂ ಹಂದಿಯನ್ನು ತೊಳೆದದ್ದೂ ಈ ರೀತಿಗೆ ಹೊಂದುವಂಥದೇ.

ಗ್ರೀಕರು ಈ ಮಾರ್ಗದವರನ್ನು ಕರೆಯುತ್ತಿದ್ದ ಪದವು 'ಸ್ಕೆಪ್ಟಿಕೋಸ್' ಎಂಬುದು. ಅದಕ್ಕೆ ಮೂಲಾರ್ಥವು ನಂಬಿಕೆಯಿಲ್ಲದವನೆಂದಲ್ಲ, ದಿಟ್ಟಿಸಿ ನೋಡುವವನು, ಪರೀಕ್ಷಿಸುವವನು ಎಂದು. ಅರಸುವವರು, ತಡೆಹಿಡಿಯುವವರು ಎಂಬರ್ಥದ ಹೆಸರುಗಳೂ ಅವರಿಗಿದ್ದುವು. ಇವುಗಳ ಜತೆಗೆ ಪಿರ್ರೋನೀಯರು ಎಂಬ ಹೆಸರೂ ಸೇರಿತು. ಇದು ಬಂದುದು ಪಿರ್ರೋವಿನ ಕಾಲದಲ್ಲಿ ಅಲ್ಲ. ಸುಮಾರು ಇನ್ನೂರು ವರ್ಷಗಳ ಮೇಲೆ ಐನೆಸಿಡೆಮಸನೆಂಬವನು ಈ ಮಾರ್ಗವನ್ನು ಪುನರುಜ್ಜೀವನಗೊಳಿಸಿ ಅದಕ್ಕೆ ಪಿರ್ರೋವಿನ ಹೆಸರನ್ನು ಇಟ್ಟನು.

ಇಲ್ಲಿ ಒಂದು ಸ್ವಾರಸ್ಯವಾದ ಚರ್ಚೆಯು ಹುಟ್ಟಿತು. ತಮ್ಮನ್ನು ಪಿರ್ರೋನೀಯರೆಂದು ಕರೆದುಕೊಳ್ಳುವುದು ನ್ಯಾಯವೇ ಎಂದು ಅವರಲ್ಲಿಯೇ ಒಬ್ಬನಾದ ಥಿಯೊಡೋಸಿಯಸನು ಪ್ರಶ್ನೆಮಾಡಿದನು. ಇನ್ನೊಬ್ಬನ ಅಂತರಂಗವು ನಮಗೆ ಅಗೋಚರವಾಗಿರುವಾಗ ಪಿರ್ರೋವಿನ ಮನಃಸ್ಥಿತಿಯು ಹೇಗಿತ್ತೆಂದು ಯಾರು ಬಲ್ಲರು? ಅದನ್ನು ತಿಳಿಯದೆ ನಾವು ಆತನ ಮಾರ್ಗದವರೆಂದು ಹೇಳಿಕೊಳ್ಳುವುದು ಹೇಗೆ? ಅಲ್ಲದೆ ಈ ವಿಚಾರಪದ್ಧತಿಯು ಪಿರ್ರೋವಿನಿಂದಲೇ ಮೊದಲಾದುದಲ್ಲ, ಅದಕ್ಕೆ ನಿಯತವಾದ ಸಿದ್ಧಾಂತವೂ ಇಲ್ಲ. ಇದು ಆತನ ಆಕ್ಷೇಪ. ಸೆಕ್ಸ್ಟಸನ ಸಮಾಧಾನವು ಬಹು ವಿನಯದ್ದು: ಹಿಂದಿನವರೆಲ್ಲರಿಗಿಂತ ಪಿರ್ರೋ ಈ ಪರೀಕ್ಷೆಯಲ್ಲಿ ಹೆಚ್ಚು ಪ್ರಕಟವಾಗಿಯೂ ಪೂರ್ಣವಾಗಿಯೂ ತೊಡಗಿದ್ದಂತೆ ತೋರುವುದರಿಂದ ಆ ಹೆಸರು ಸಲ್ಲುವುದೆಂದು ಆತನ ಅಭಿಪ್ರಾಯ. 'ತೋರುವುದರಿಂದ' ಎಂಬ ಆ ಒಂದು ಪದದಲ್ಲಿಯೇ ಆ ಮಾರ್ಗದ ಸಾರವಿದೆ. ಮಹಾಪುರುಷರ ಹೆಸರನ್ನು ಧರಿಸಿ ನಡೆಯುವ ನಾವೆಲ್ಲರೂ ಥಿಯೊಡೋಸಿಯಸನ ಪ್ರಶ್ನೆಯನ್ನು ವರ್ಷಕ್ಕೊಮ್ಮೆಯಾದರೂ ನಮಗೆ ನಾವೇ ಹಾಕಿಕೊಂಡರೆ ಕೇಡಿಲ್ಲ. ಬಸವಣ್ಣನವರ ಹೆಸರನ್ನು ಹೇಳುವವನು ಬಸವಣ್ಣನವರ ಅಂತರಂಗವನ್ನು ಎಷ್ಟುಮಟ್ಟಿಗೆ ಬಲ್ಲನು?

ಇನ್ನು ಆ ಹೆಸರು ಕೆಟ್ಟುಹೋದ ಕಥೆ. ಪಿರ್ರೋವಿನ ವಿಷಯವಾಗಿ ಹಿಂದಿನಿಂದಲೂ ಪರಿಹಾಸದ ಕಥೆಗಳು ಹುಟ್ಟಿಕೊಂಡಿದ್ದುವು. ಎದುರಿಗೆ ಬಂಡಿ ಬಂದರೂ ಪ್ರಪಾತವಿದ್ದರೂ ನಾಯಿ ಮೇಲೆ ಬಿದ್ದರೂ ಆತನು ತಪ್ಪಿಸಿಕೊಳ್ಳುತ್ತಿರಲಿಲ್ಲವಂತೆ, ಗೆಳೆಯರು ಬೆನ್ನ ಹಿಂದೆಯೇ ಇದ್ದು ಕಾಪಾಡುತ್ತಿದ್ದರಂತೆ. ಐನೆಸಿಡೆಮಸನು ಇದನ್ನು ಅಲ್ಲಗಳೆದು, ಪಿರ್ರೋ ತತ್ತ್ವವಿಚಾರದಲ್ಲಿ ಮಾತ್ರ ನಿರ್ಣಯವನ್ನು ತಡೆಹಿಡಿಯುತ್ತಿದ್ದನೇ ಹೊರತು ವ್ಯವಹಾರದಲ್ಲಿ ವಿವೇಕವನ್ನು ಬಿಟ್ಟವನಲ್ಲವೆಂದು ಹೇಳಿರುವನು. ಬಂಡಿ ಬಂದರೆ ಸರಿಯದವನು ತೊಂಬತ್ತು ವರ್ಷ ಬಾಳುವುದುಂಟೆ? ಒಮ್ಮೆ ನಾಯಿಯೊಂದು ಮೇಲೆ ಬಿದ್ದಾಗ ಆತನೇ ಬೆದರಿದನೆಂದೂ, ಅದನ್ನು ಕಂಡು ನಕ್ಕವರಿಗೆ, ಮನುಷ್ಯಸ್ವಭಾವವನ್ನು ಸಂಪೂರ್ಣವಾಗಿ ಕಳಚಿಹಾಕುವುದು ಕಷ್ಟವೆಂದು ಹೇಳಿದನೆಂದೂ ಅದೇ ಚರಿತ್ರೆಯಲ್ಲಿದೆ. ಆದರೆ ಲೋಕಕ್ಕೆ ಬೇಕಾದದ್ದು ಬಂಡಿಯ ಕಥೆ. ಈ ಮಾನುಷವಾದ ಕಥೆಯಲ್ಲ.

ಬಹುಕಾಲ ಮರೆತುಹೋಗಿದ್ದ ಸೆಕ್ಸ್ಟಸನ ಗ್ರಂಥವನ್ನು ಆಂರಿ ಎಸ್ತಿಯೆನ್ ಎಂಬ ಮುದ್ರಕವಿದ್ವಾಂಸನು 1562ರಲ್ಲಿ ಲ್ಯಾಟಿನಿಗೆ ಪರಿವರ್ತಿಸಿ ಅಚ್ಚುಹಾಕಿಸಿದನು. ಅದು ಯೂರೋಪಿನಲ್ಲಿ ಮತಮತಗಳ ಯುದ್ಧದ ಕಾಲ. ತಮ್ಮದೇ ಸತ್ಯವೆಂಬ ಎರಡು ಪಕ್ಷದವರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ. ಫ್ರಾನ್ಸಿನ ಮಾಂಟೇನ್ ಎಂಬ ಪ್ರಬಂಧಕಾರನು ಈ ಗ್ರಂಥವನ್ನು ಓದಿ, ತನಗೇನು ಗೊತ್ತು ಎಂಬರ್ಥದ ಪ್ರಶ್ನೆಯನ್ನೇ ತನ್ನ ಮುದ್ರಾವಾಕ್ಯವನ್ನಾಗಿ ಮಾಡಿಕೊಂಡನು; ಅದೇ ಸಂಶಯದಿಂದ ಪರಧರ್ಮಸಹಿಷ್ಣುತೆಯನ್ನು ಕಲಿತನು. ಆದರೆ ನೂರು ವರ್ಷ ಕಳೆಯುವುದರೊಳಗೆ ಆ ಹೆಸರು ರಂಗಸ್ಥಳದ ಹಾಸ್ಯಕ್ಕೆ ವಸ್ತುವಾಯಿತು. 1664ರಲ್ಲಿ ಮೊಲಿಯೇರ್ ಎಂಬ ನಾಟಕಕಾರನು 'ಬಲವಂತದ ಮದುವೆ' ಎಂಬ ಪ್ರಹಸನದಲ್ಲಿ ಪಿರ್ರೋನೀಯ ಪಂಡಿತನೊಬ್ಬನನ್ನು ತಂದನು. ಯಾವುದನ್ನೂ ಹೌದೆನ್ನಬಾರದು, ತೋರುತ್ತದೆ ಎನ್ನಬೇಕೆಂದು ಆ ಪಂಡಿತನ ಉಪದೇಶ. ಬೇಸತ್ತ ಪ್ರಶ್ನಕಾರನು ಕೋಲಿನಿಂದ ಆತನನ್ನು ಚೆನ್ನಾಗಿ ಬಡಿದು, ಹೊಡೆದರೆಂದು ಗೋಳಿಡಬೇಡಿರಿ, ಹೊಡೆದಂತೆ ತೋರುತ್ತದೆಂದು ಹೇಳಿರಿ ಎನ್ನುವನು. ನೋಡುವವರು ನಕ್ಕರು, ನಗತಕ್ಕದ್ದೇ. 1748ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನು, ತಾನೂ ಸಂಶಯವಾದಿಯಾಗಿದ್ದುಕೊಂಡೇ, ಪಿರ್ರೋವಿನ ಹೆಸರನ್ನು ಅತಿಸಂಶಯಕ್ಕೆ ಮೀಸಲಿಟ್ಟು, ಹಿತಮಿತವಾದ ಸಂಶಯವನ್ನು ಬೇರೆಯಾಗಿ ಎಣಿಸಿದನು. ಅಂತೂ ಊರಿಗೆ ಅರ್ಚಕನಾಗಿದ್ದವನ ಹೆಸರು, ಏನನ್ನೂ ನಂಬದ ಹಟಮಾರಿಗೆ ಪರ್ಯಾಯಪದವಾಗಿ ನಿಂತಿತು.

ಇಂಥದು ಪರದೇಶದಲ್ಲಿ ಮಾತ್ರ ನಡೆಯುವುದೆಂದು ಭಾವಿಸಬಾರದು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೆಗೊಳಗಳಲ್ಲಿ ಅಶೋಕ ಚಕ್ರವರ್ತಿಯ ಕಿರುಬಂಡೆಶಾಸನಗಳಿವೆ. ಪಿರ್ರೋ ತೀರಿಕೊಂಡ ಕಾಲದ ಸುಮಾರಿಗೇ ಅಶೋಕನು ಪಟ್ಟಕ್ಕೆ ಬಂದನು. ಇಬ್ಬರೂ ಹೆಚ್ಚುಕಡಮೆ ಒಂದೇ ಯುಗದವರು. ಅಶೋಕನ ಶಾಸನಗಳು ಭರತಖಂಡದ ಉದ್ದಗಲಕ್ಕೂ ಇದ್ದರೂ, ಆತನ ಸ್ವಂತ ಹೆಸರು ಸಿಕ್ಕಿರುವುದು ಬೆರಳೆಣಿಕೆಯ ಸ್ಥಳಗಳಲ್ಲಿ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಮೊದಲು ದೊರೆಯಿತು. ಮಧ್ಯಪ್ರದೇಶದ ಗುಜರ್ರಾದಲ್ಲಿ ದೊರೆಯಿತು. ಉಳಿದೆರಡು ಈ ನಿಟ್ಟೂರು ಮತ್ತು ಉದೆಗೊಳ. ಬೇರೆ ಕಡೆಗಳಲ್ಲಿ ಸಾಮಾನ್ಯವಾಗಿ ಕಾಣುವುದು 'ದೇವಾನಾಂಪ್ರಿಯ' ಎಂಬ ಬಿರುದು. ದೇವತೆಗಳಿಗೆ ಪ್ರಿಯನಾದವನು ಎಂದು ಅರ್ಥ. ನಮ್ಮ ಬಂಡೆಗಳ ಮೇಲೂ ಆ ಬಿರುದಿದೆ. ಇಂಥ ಮಂಗಳಕರವಾದ ಬಿರುದಿಗೆ ಮುಂದೆ ಏನಾಯಿತು? ಸಂಸ್ಕೃತದ ವೈಯಾಕರಣರಲ್ಲಿ ಅದಕ್ಕೆ ಮೂರ್ಖನೆಂಬ ಅರ್ಥವು ಬಂದುಬಿಟ್ಟಿತು. ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಯನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ಸಂಗತಿ. ಸಿರುಗುಪ್ಪದ ಬಂಡೆಯ ಮೇಲೆ ಚಕ್ರವರ್ತಿಯಾದವನು ವ್ಯಾಕರಣದ ಪುಟದಲ್ಲಿ ಮೂರ್ಖನಾದನು.

ಇನ್ನೊಂದು ಪದವನ್ನು ನೋಡಿರಿ. ಅಶೋಕನು ತನ್ನ ಹನ್ನೆರಡನೆಯ ಬಂಡೆಶಾಸನದಲ್ಲಿ ಎಲ್ಲ 'ಪಾಷಂಡ'ಗಳನ್ನೂ ತಾನು ಗೌರವಿಸುವುದಾಗಿಯೂ, ತನ್ನದನ್ನು ಹೊಗಳಿ ಪರರದನ್ನು ತೆಗಳುವವನು ತನ್ನ ಪಾಷಂಡಕ್ಕೇ ಹಾನಿಯನ್ನು ತರುವನೆಂದೂ ತಿಳಿಸಿರುವನು. ಅಲ್ಲಿ ಪಾಷಂಡವೆಂದರೆ ಮತಪಂಥವೆಂದಷ್ಟೇ ಅರ್ಥ. ನಿಂದೆಯ ವಾಸನೆಯೂ ಇಲ್ಲ. ಈ ಶಾಸನದ ಪ್ರತಿಯೊಂದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆಯಿತು. ಆಫ್ಘಾನಿಸ್ಥಾನದ ಕಂದಹಾರದಲ್ಲಿ ಇದೇ ಶಾಸನದ ಭಾಗವು ಗ್ರೀಕ ಭಾಷೆಯಲ್ಲಿ 1963ರಲ್ಲಿ ಸಿಕ್ಕಿತು. ಅಲ್ಲಿ ಪಾಷಂಡವೆಂಬುದಕ್ಕೆ ಭಾಷಾಂತರಕಾರನು ಇಟ್ಟಿರುವ ಗ್ರೀಕ ಪದವು 'ಡಿಯಾಟ್ರಿಬೆ', ಎಂದರೆ ತತ್ತ್ವಾಭ್ಯಾಸದ ಶಾಲೆ. ಈ ಎರಡು ಪದಗಳ ಗತಿಯು ಒಂದೇ ಆದುದನ್ನು ನೋಡಿದರೆ ಬೆರಗಾಗುವುದು. ನಮ್ಮ ಪುರಾಣಗಳಲ್ಲಿ ಪಾಷಂಡನೆಂದರೆ ವೇದಬಾಹ್ಯನಾದ ದುಷ್ಟನೆಂದಾಯಿತು. ಪಾಖಂಡಿಯೆಂಬ ಬೈಗುಳು ಇಂದಿಗೂ ಕೇಳಿಬರುವುದು. ಅತ್ತ ಡಿಯಾಟ್ರಿಬೆಯಿಂದ ಹುಟ್ಟಿದ ಆಂಗ್ಲ ಪದಕ್ಕೆ ಕಟುವಾದ ನಿಂದಾಭಾಷಣವೆಂದು ಅರ್ಥವಾಯಿತು. ಪರರನ್ನು ನಿಂದಿಸಬೇಡಿರೆಂದು ಕೆತ್ತಿಸಿದ ಪದವೇ ಎರಡು ಭಾಷೆಗಳಲ್ಲಿಯೂ ನಿಂದೆಯ ಪದವಾಗಿ ಹೋಯಿತು.

ಸಂಶಯದ ವಿಷಯದಲ್ಲಿ ನಮ್ಮ ಪೂರ್ವಿಕರು ಹೇಗೆ ನಡೆದುಕೊಂಡರೆಂಬುದನ್ನೂ ಕೊಂಚ ನೋಡೋಣ. ಪಾಳಿಗ್ರಂಥಗಳಲ್ಲಿ ಬುದ್ಧನ ಕಾಲದ ಸಂಜಯ ಬೇಲಟ್ಠಿಪುತ್ತನೆಂಬ ಆಚಾರ್ಯನ ಪ್ರಸ್ತಾಪವಿದೆ. ಪರಲೋಕವುಂಟೆ ಎಂದು ಕೇಳಿದರೆ ಆತನು ಉಂಟೆಂದೂ ಹೇಳುತ್ತಿರಲಿಲ್ಲ, ಇಲ್ಲವೆಂದೂ ಹೇಳುತ್ತಿರಲಿಲ್ಲ. ಅಂಥವರಿಗೆ ಅಲ್ಲಿ ಇಟ್ಟ ಹೆಸರು 'ಅಮರಾವಿಕ್ಷೇಪಿಕರು'. ಹಾವುಮೀನಿನಂತೆ ಕೈಗೆ ಸಿಕ್ಕದೆ ಜಾರುವವರು ಎಂಬ ಅರ್ಥವನ್ನು ಹೇಳುವುದುಂಟು. ಇಲ್ಲಿಯೂ ಹೆಸರಿಟ್ಟವರು ಎದುರುಪಕ್ಷದವರೇ. ಪಿರ್ರೋ ತನ್ನ ಮಾರ್ಗವನ್ನು ಭಾರತದಿಂದ ಕಲಿತನೆಂದು ಹೇಳುವ ಪಾಶ್ಚಾತ್ಯ ವಿದ್ವಾಂಸರೂ ಇದ್ದಾರೆ, ಇಲ್ಲವೆನ್ನುವವರೂ ಇದ್ದಾರೆ. ನಮ್ಮ ಹೆಮ್ಮೆಗಾಗಿ ಒಂದು ಪಕ್ಷವನ್ನು ಹಿಡಿಯುವುದಕ್ಕಿಂತ, ಇಂಥ ಪ್ರಶ್ನೆಯಲ್ಲಿಯಾದರೂ ಪಿರ್ರೋವಿನಂತೆ ನಿರ್ಣಯವನ್ನು ತಡೆಹಿಡಿಯುವುದು ಉಚಿತ.

ಶಾಸ್ತ್ರಗಳಲ್ಲಿ ಸಂಶಯಕ್ಕೆ ಇರುವ ಸ್ಥಾನವು ಮಾತ್ರ ನಿಸ್ಸಂಶಯವಾದುದು. ಗೌತಮನ ನ್ಯಾಯಸೂತ್ರದಲ್ಲಿ ಎಣಿಸಿರುವ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ ಪ್ರಮೇಯಗಳ ತರುವಾಯ ಮೂರನೆಯದಾಗಿ ಬರುವುದೇ ಸಂಶಯ. ಮೀಮಾಂಸಕರ ಅಧಿಕರಣಕ್ಕೆ ವಿಷಯದ ನಂತರ ಎರಡನೆಯ ಅಂಗವು ಸಂಶಯ. ಅದು ಹುಟ್ಟದಿದ್ದರೆ ಪೂರ್ವಪಕ್ಷವಿಲ್ಲ, ಪೂರ್ವಪಕ್ಷವಿಲ್ಲದಿದ್ದರೆ ಸಿದ್ಧಾಂತವಿಲ್ಲ. ಸಂಶಯಾತ್ಮನಿಗೆ ಸುಖವಿಲ್ಲವೆಂದು ಗೀತೆಯು ಹೇಳುವುದು ನಿಜ. ಆದರೆ ಆ ಗೀತೆಯು ಹುಟ್ಟಿದ್ದೇ ಅರ್ಜುನನ ಸಂಶಯದಿಂದ. ಆತನು ಸಂಶಯಪಡದೆ ಬಾಣ ಬಿಟ್ಟಿದ್ದರೆ ಹದಿನೆಂಟು ಅಧ್ಯಾಯಗಳಿಗೆ ಅವಕಾಶವೇ ಇರುತ್ತಿರಲಿಲ್ಲ.

ಇನ್ನು ನಮ್ಮ ಮನೆಯ ಮಾತು. ಶೂನ್ಯಸಂಪಾದನೆಯು ಮೊದಲಿನಿಂದ ಕೊನೆಯವರೆಗೆ ಪ್ರಶ್ನೋತ್ತರದಿಂದ ಕಟ್ಟಿದ ಗ್ರಂಥ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತ ಲೋಕೋಪಕಾರದಲ್ಲಿ ತೊಡಗಿದ್ದ ಸಿದ್ಧರಾಮನನ್ನು ಅಲ್ಲಮಪ್ರಭುವು ಪ್ರಶ್ನಿಸದೆ ಬಿಡಲಿಲ್ಲ. ಕಾಯಸಿದ್ಧಿಯ ಹೆಮ್ಮೆಯಲ್ಲಿದ್ದ ಗೋರಕ್ಷನನ್ನು ಪರೀಕ್ಷಿಸದೆ ಬಿಡಲಿಲ್ಲ. ಎಲ್ಲವನ್ನೂ ತೊರೆದು ಕಲ್ಯಾಣಕ್ಕೆ ಬಂದ ಮಹಾದೇವಿಯಕ್ಕನನ್ನೂ ಶರಣರ ಸಭೆಯ ನಡುವೆ ನಿಲ್ಲಿಸಿ ಕೇಳದೆ ಬಿಡಲಿಲ್ಲ. ಅಕ್ಕನು ಆ ಪ್ರಶ್ನೆಗಳಿಂದ ಕುಗ್ಗಲಿಲ್ಲ. ಕೇಳಿದವನನ್ನು ಹಳಿಯಲೂ ಇಲ್ಲ. ಒಂದೊಂದಕ್ಕೂ ಉತ್ತರಕೊಟ್ಟು ಸಭೆಯ ಗೌರವಕ್ಕೆ ಪಾತ್ರಳಾದಳು. ಅನುಭವಮಂಟಪದ ಶೂನ್ಯಸಿಂಹಾಸನವನ್ನು ಏರಿದವನು ಎಲ್ಲರಿಗಿಂತ ಹೆಚ್ಚು ಪ್ರಶ್ನಿಸಿದವನೇ ಎಂಬುದು ಆ ಗ್ರಂಥದ ಒಳಮಾತು. ಆದರೂ ಒಂದು ಭೇದವನ್ನು ಮರೆಯಬಾರದು. ಪಿರ್ರೋ ನಿರ್ಣಯವನ್ನು ತಡೆಹಿಡಿದು ಆ ನಿಲುಗಡೆಯಲ್ಲಿಯೇ ಶಾಂತಿಯನ್ನು ಕಂಡನು. ಶರಣರಿಗೆ ಪ್ರಶ್ನೆಯು ಹೊಸ್ತಿಲು. ಅದನ್ನು ದಾಟಿ ಒಳಗೆ ಹೋಗುವುದು ಅನುಭಾವ. ಶರಣರ ಶೂನ್ಯವು ಏನೂ ಇಲ್ಲವೆಂಬುದಲ್ಲ. ಮಾತಿನ ಅಳತೆಗೆ ಸಿಕ್ಕದ ಬಯಲು. ಶೂನ್ಯವೆಂಬ ಹೆಸರನ್ನು ಕೇಳಿದ ಮಾತ್ರಕ್ಕೆ ಇವರು ನಾಸ್ತಿಕರೆಂದು ಬಗೆಯುವವನು, ಪಿರ್ರೋವನ್ನು ಬಂಡಿಯ ಕಥೆಯಿಂದ ಅಳೆದವನ ಜತೆಗಾರನು.

ಮಹಾಶಯರೇ, ಇಷ್ಟು ಮಾತು ಪಾಂಡಿತ್ಯದ ವಿನೋದಕ್ಕಾಗಿ ಅಲ್ಲ. ಹೆಸರಿಡುವುದರಲ್ಲಿ ಪ್ರಾಣದ ಪ್ರಶ್ನೆಯೂ ಇರುವುದು. ವಚನಗಳ ಸಮಗ್ರ ಸಂಪುಟಗಳಿಗೆ ಪ್ರಧಾನ ಸಂಪಾದಕರಾಗಿದ್ದ ಡಾಕ್ಟರ್ ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಅವರ ಸಂಶೋಧನೆಯ ನಿರ್ಣಯಗಳನ್ನು ಒಪ್ಪದ ವಿದ್ವಾಂಸರು ಅಂದೂ ಇದ್ದರು, ಇಂದೂ ಇದ್ದಾರೆ. ಒಪ್ಪದಿರುವುದು ವಿದ್ಯೆಯ ಧರ್ಮವೇ ಸರಿ. ಓಲೆಗೆ ಓಲೆಯನ್ನೂ ಶಾಸನಕ್ಕೆ ಶಾಸನವನ್ನೂ ಎದುರಿಡುವುದು ಅದರ ರೀತಿ. ಆದರೆ ವಿಚಾರಮಾಡುವವನಿಗೆ ಉತ್ತರಕೊಡುವ ಬದಲು ಹೆಸರಿಡುವ ಅಭ್ಯಾಸವು ಸಮಾಜದಲ್ಲಿ ಬೆಳೆದಾಗ, ಉತ್ತರದ ಸ್ಥಾನದಲ್ಲಿ ಏನು ಬಂದು ನಿಲ್ಲಬಹುದೆಂಬುದನ್ನು ಆ ದಿನವು ಕನ್ನಡನಾಡಿಗೆ ತೋರಿಸಿತು. ಇದನ್ನು ಮಠದ ಸಭೆಯಲ್ಲಿ ಹೇಳದೆ ಬೇರೆಲ್ಲಿ ಹೇಳಲಿ?

ಆದಕಾರಣ ಎರಡು ವಿಜ್ಞಾಪನೆಗಳನ್ನು ಮಾಡಿ ನನ್ನ ಮಾತನ್ನು ಮುಗಿಸುವೆನು. ಮೊದಲನೆಯದು ಹಿರಿಯರಿಗೆ. ಮಠದ ವಿದ್ಯಾರ್ಥಿನಿಲಯದಲ್ಲಿಯೋ ನಮ್ಮ ಮನೆಗ



ಳಲ್ಲಿಯೋ ಹುಡುಗನೊಬ್ಬನು, ಹುಡುಗಿಯೊಬ್ಬಳು, ಇದನ್ನು ಏಕೆ ಮಾಡಬೇಕು, ಇದು ನಿಜವೆ ಎಂದು ಕೇಳಿದರೆ, ಕೂಡಲೇ ನಾಸ್ತಿಕ ಎಂಬ ಹೆಸರನ್ನು ಹಚ್ಚಬೇಡಿರಿ. ಸೆಕ್ಸ್ಟಸನ ಮೂರು ಬಗೆಗಳನ್ನು ನೆನೆಯಿರಿ. ಕೇಳಿದ ಮಗುವು ಇಲ್ಲವೆಂದು ನಿರ್ಣಯಿಸಿದೆಯೆ, ತಿಳಿಯಲಾಗದೆಂದು ಕೈಚೆಲ್ಲಿದೆಯೆ, ಅಥವಾ ಇನ್ನೂ ಅರಸುತ್ತಿದೆಯೆ? ನೂರಕ್ಕೆ ತೊಂಬತ್ತು ಪಾಲು ಅದು ಅರಸುತ್ತಿರುವುದು. ಅರಸುತ್ತಿರುವವನನ್ನು ಇಲ್ಲವೆನ್ನುವವನೆಂದು ಕರೆದರೆ, ಕೊನೆಗೆ ಆತನು ಆ ಹೆಸರಿಗೆ ತಕ್ಕವನೇ ಆಗಿಬಿಡುವನು. ಆತನ ಮಾತನ್ನು ಆತನ ಬಾಯಿಂದಲೇ ಕೊನೆಯವರೆಗೆ ಕೇಳಿರಿ. ಉತ್ತರವು ತಿಳಿದಿದ್ದರೆ ಹೇಳಿರಿ. ತಿಳಿಯದಿದ್ದರೆ ನಾನೂ ಅರಸುತ್ತಿರುವೆನೆಂದು ಹೇಳಿರಿ. ಅದರಿಂದ ಹಿರಿತನಕ್ಕೆ ಕುಂದಿಲ್ಲ.

ಎರಡನೆಯದು ಕಿರಿಯರಿಗೆ. ಸಂಶಯವು ಸೋಮಾರಿಗೆ ಹಾಸಿಗೆಯಾಗಬಾರದು, ಅಹಂಕಾರಿಗೆ ಪೇಟವಾಗಬಾರದು. ಎಲ್ಲವನ್ನೂ ಮೂದಲಿಸುವವನು ಸಂಶಯವಾದಿಯಲ್ಲ. ಆತನು ಪರೀಕ್ಷೆಯಿಲ್ಲದೆ ತೀರ್ಪುಕೊಟ್ಟವನು. ಪಿರ್ರೋವಿನ ಹೆಸರಿಗೆ ಅರ್ಹನಾಗಬೇಕಾದರೆ ಎರಡು ಪಕ್ಷಗಳನ್ನೂ ಶ್ರಮಪಟ್ಟು ಓದಬೇಕು, ತನ್ನ ಸಂಶಯವನ್ನೂ ಸಂಶಯಿಸಬೇಕು, ಅಷ್ಟರಲ್ಲಿ ಮನೆಯ ಕಸವನ್ನೂ ಗುಡಿಸಬೇಕು. ಕೆಲಸವನ್ನು ಬಿಟ್ಟು ಪ್ರಶ್ನೆಯನ್ನು ಹಿಡಿದವನನ್ನು ಎಲಿಸಿನವರೂ ಮೆಚ್ಚುತ್ತಿರಲಿಲ್ಲ, ಕಲ್ಯಾಣದವರೂ ಮೆಚ್ಚುತ್ತಿರಲಿಲ್ಲ.

ಒಂದು ಪಟ್ಟಣದವರು ತಮ್ಮ ಸಂಶಯವಾದಿಯನ್ನು ಗುಡಿಯಿಂದ ಹೊರದೂಡದೆ ಗುಡಿಯ ಅರ್ಚಕನನ್ನಾಗಿ ಮಾಡಿಕೊಂಡರು. ನಮ್ಮ ಶರಣರು ತಮ್ಮ ಮಹಾಪ್ರಶ್ನಕಾರನನ್ನು ಶೂನ್ಯಸಿಂಹಾಸನದ ಮೇಲೆ ಕುಳ್ಳಿರಿಸಿದರು. ಈ ಶ್ರೀಮಠವು ತನ್ನ ಮುಂದಿನ ವರ್ಷಗಳಲ್ಲಿಯೂ ಅನ್ನದಾಸೋಹ ಜ್ಞಾನದಾಸೋಹಗಳ ಜತೆಗೆ ಪ್ರಶ್ನೆಗೂ ಒಂದು ಪಂಕ್ತಿಯನ್ನು ಹಾಸಿ, ಕೇಳುವವರನ್ನು ಹೆಸರಿಟ್ಟು ಎಬ್ಬಿಸದೆ ಹೆಸರು ಹಿಡಿದು ಕರೆದು ಕುಳ್ಳಿರಿಸಲೆಂದು ಪ್ರಾರ್ಥಿಸುವೆನು.